ಸೋರದ ಪೈಪಿನಲ್ಲೂ ಶಕ್ತಿ ಹೋಗುವುದೆಲ್ಲಿ?

ಪೈಪಿನಲ್ಲಿ ಹರಿಯುವಾಗ ಉಜ್ಜಾಟ, ತಿರುವುಗಳಿಂದ ನೀರು ಕಳೆದುಕೊಳ್ಳುವ ಶಕ್ತಿಗೆ ಹೆಡ್ ಲಾಸ್ ಎನ್ನುತ್ತಾರೆ. ಒಂದೇ ಪೈಪ್‌ಲೈನಿಗೆ ಇಬ್ಬರು ಅದರ ಲೆಕ್ಕ ಹಾಕಿದರೆ ಎಷ್ಟೋ ಸಲ ಎರಡು ಉತ್ತರ ಬರುತ್ತದೆ. ಗುಣಾಕಾರ, ಭಾಗಾಕಾರ ಎರಡೂ ಸರಿಯಾಗಿಯೇ ಇರುತ್ತದೆ. ಹಿಡಿದ ಕೋಷ್ಟಕ ಬೇರೆ, ಅಷ್ಟೇ.

1845ರಲ್ಲಿ ವೈಸ್‌ಬಾಖ್ ಈ ನಷ್ಟಕ್ಕೆ ಸೂತ್ರ ಕೊಟ್ಟರು, 1857ರಲ್ಲಿ ಡಾರ್ಸಿ ಪೈಪಿನ ಒಳಮೈಯ ಒರಟೂ ಮುಖ್ಯ ಎಂದು ತೋರಿಸಿದರು, 1883ರಲ್ಲಿ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆ ಬಿಟ್ಟು ನೀರು ಯಾವಾಗ ಕದಡುತ್ತದೆ ಎಂದು ಕಣ್ಣಿಗೇ ಕಾಣಿಸಿದರು.

ನಿಜವಾದ ಗೋಜಲು ಶುರುವಾದದ್ದು 1933ರಿಂದ ಈಚೆಗೆ. ನಿಕುರಾಡ್ಸೆ ಪೈಪುಗಳ ಒಳಗೆ ಒಂದೇ ಗಾತ್ರದ ಮರಳಿನ ಕಾಳು ಅಂಟಿಸಿ ಅಳತೆ ಮಾಡಿದರು. ಅಚ್ಚುಕಟ್ಟಾದ ಕೆಲಸ. ಆದರೆ ಕಾರ್ಖಾನೆಯಿಂದ ಬರುವ ಪೈಪಿನ ಒರಟು ಹಾಗೆ ಸಮನಾಗಿರಲ್ಲ, ಅಲ್ವಾ? ಅಂಥ ಪೈಪುಗಳಿಗಾಗಿ ಕೋಲ್‌ಬ್ರೂಕ್ 1939ರಲ್ಲಿ ಸಮೀಕರಣ ಬರೆದರು. ಅದರಲ್ಲಿ ಹುಡುಕಬೇಕಾದ ಉತ್ತರ, ಅಂದರೆ ಉಜ್ಜಾಟ ಎಷ್ಟೆಂದು ಹೇಳುವ 'ಫ್ರಿಕ್ಷನ್ ಫ್ಯಾಕ್ಟರ್', ಸಮೀಕರಣದ ಎರಡೂ ಕಡೆ ಕೂತಿದೆ. ಊಹಿಸಿ, ತಿದ್ದಿ, ಮತ್ತೆ ಊಹಿಸಬೇಕು. ಕೈಲೆಕ್ಕದ ಕಾಲದಲ್ಲಿ ಅದು ತಲೆನೋವು. ಹಾಗಾಗಿ 1944ರಲ್ಲಿ ಮೂಡಿ ಎಂಬ ಎಂಜಿನಿಯರ್ ಎಲ್ಲವನ್ನೂ ಒಂದೇ ನಕ್ಷೆಗೆ ಇಳಿಸಿದಾಗ ಅದು ಎಲ್ಲರ ಗೋಡೆ ಹತ್ತಿತು. ಅಲ್ಲಿ ಹೊಸ ಉಕ್ಕಿನ ಪೈಪಿಗೆ ಕೊಡುವ ಒರಟು ಸುಮಾರು 0.045 ಮಿ.ಮೀ. 'ಹೊಸ' ಎಂಬ ಪದವನ್ನು ಓದುವವರು ಕಡಿಮೆ. ತುಕ್ಕು ಹಿಡಿದ ಪೈಪಿಗೂ ಅದೇ ಅಂಕಿ ಬಿದ್ದಿರುತ್ತದೆ.

ಇದರ ಮೇಲೆ ಇನ್ನೊಂದು ತೊಡಕು. ಫ್ರಿಕ್ಷನ್ ಫ್ಯಾಕ್ಟರ್ ಎಂಬ ಹೆಸರಿನಲ್ಲಿ ಎರಡು ಅಂಕಿ ಓಡಾಡುತ್ತವೆ. ಒಂದು ಡಾರ್ಸಿಯ ಹೆಸರಿನದು, ಇನ್ನೊಂದು ಫ್ಯಾನಿಂಗ್ ಎಂಬವರ ಹೆಸರಿನದು. ಡಾರ್ಸಿಯದು ಫ್ಯಾನಿಂಗ್‌ನದರ ನಾಲ್ಕು ಪಟ್ಟು. ನಿಧಾನವಾಗಿ, ನೆಟ್ಟಗೆ ಹರಿಯುವ ದ್ರವಕ್ಕೆ ಪುಸ್ತಕ 64 ಭಾಗಿಸು ರೆನಾಲ್ಡ್ಸ್ ಸಂಖ್ಯೆ (ಹರಿವು ನೆಟ್ಟಗಿದೆಯೋ ಕದಡಿದೆಯೋ ಎಂದು ಹೇಳುವ ಅಂಕಿ) ಎಂದರೆ ಡಾರ್ಸಿ, 16 ಎಂದರೆ ಫ್ಯಾನಿಂಗ್. ಸುಮ್ನೆ ಒಮ್ಮೆ ನೋಡಿಕೊಂಡರೆ ಸಾಕು.

ಇನ್ನು ಬೆಂಡು, ವಾಲ್ವುಗಳು. ಇವುಗಳ ನಷ್ಟಕ್ಕೆ 'ಮೈನರ್ ಲಾಸ್' ಎಂಬ ಹೆಸರು ಹೇಗೋ ಅಂಟಿಕೊಂಡಿತು. ಉದ್ದನೆಯ ಲೈನಿನಲ್ಲಿ ಅದು ಸರಿ. ಆದರೆ 50 ಮಿ.ಮೀ. ವ್ಯಾಸದ, 5 ಮೀಟರ್ ಉದ್ದದ ಗಿಡ್ಡ ಪೈಪು ತೆಗೆದುಕೊಳ್ಳಿ. ಡಾರ್ಸಿ ಫ್ಯಾಕ್ಟರ್ 0.02 ಇದ್ದರೆ, ಅದನ್ನು ಉದ್ದದಿಂದ ಗುಣಿಸಿ ವ್ಯಾಸದಿಂದ ಭಾಗಿಸಿದಾಗ ನಷ್ಟದಲ್ಲಿ ಇಡೀ ಪೈಪಿನ ಪಾಲು 2. ನೀರನ್ನು ಒಳಗೆ ತಿರುಗಿಸಿ ಬಿಡುವ ಗ್ಲೋಬ್ ವಾಲ್ವು ಪೂರ್ತಿ ತೆರೆದಿದ್ದರೂ ಅದೊಂದಕ್ಕೇ ಅದೇ ಲೆಕ್ಕದಲ್ಲಿ 10ರ ಆಸುಪಾಸು. ಇದರಲ್ಲಿ ಮೈನರ್ ಯಾವುದು? ನೀರನ್ನು ನೇರವಾಗಿ ಬಿಡುವ ಗೇಟ್ ವಾಲ್ವಾದರೆ, ಪೂರ್ತಿ ತೆರೆದಾಗ ಸುಮಾರು 0.2ರಲ್ಲಿ ಮುಗಿಯುತ್ತದೆ.

ಈ ಅಂಕಿಗಳೂ ಸಾಮಾನ್ಯವಾಗಿ ಹಿಂದೆ ಮುಂದೆ ಸಾಕಷ್ಟು ನೇರ ಪೈಪು ಇದೆ ಎಂದುಕೊಂಡೇ ಅಳೆದವು. ಒಂದು ಬೆಂಡಿನ ಬೆನ್ನಿಗೇ ಇನ್ನೊಂದು ಬೆಂಡು ಕೂರಿಸಿದರೆ ಮೊದಲನೆಯದರ ಸುಳಿ ಎರಡನೆಯದರೊಳಗೇ ನುಗ್ಗುತ್ತದೆ. ಆಗ ಎರಡೂ ಅಂಕಿ ಕೂಡಿಸಿದ್ದೇ ನಷ್ಟ ಆಗಬೇಕೆಂದಿಲ್ಲ. ಕೋಷ್ಟಕಗಳು ಮಾತ್ರ ಕೂಡಿಸಿ ಎನ್ನುತ್ತಲೇ ಇವೆ.