ಆಫೀಸಿನಲ್ಲಿ ಚಾಟ್‌ಬಾಟ್ ಬ್ಲಾಕ್ ಮಾಡಿಬಿಟ್ಟರೆ ಸಾಕೆ?

ಪ್ರಶ್ನೆ: ನಮ್ಮದು ಮುನ್ನೂರು ಜನರ ಕಂಪನಿ. ಸೈಬರ್ ಭದ್ರತೆಯ ಹೊಣೆ ನನ್ನದು. ನೌಕರರು ಎಐ ಚಾಟ್‌ಬಾಟ್‌ಗಳಿಗೆ ಒಳಗಿನ ಮಾಹಿತಿ ಹಾಕುತ್ತಿದ್ದಾರೆ, ಅವನ್ನೆಲ್ಲ ಬ್ಲಾಕ್ ಮಾಡಿಬಿಡಿ ಎನ್ನುತ್ತಿದ್ದಾರೆ ಮ್ಯಾನೇಜ್‌ಮೆಂಟಿನವರು. ಹಾಗೆ ಮಾಡಿದರೆ ಅಪಾಯ ತಪ್ಪುತ್ತದೆಯೇ?

ಉತ್ತರ: ತಪ್ಪುವುದಿಲ್ಲ. ಅಪಾಯ ನಿಮ್ಮ ಕಣ್ಣಿಗೆ ಬೀಳುವುದು ನಿಲ್ಲುತ್ತದೆ, ಅಷ್ಟೆ.

ಸಂಜೆ ಆರೂವರೆ ಅಂದುಕೊಳ್ಳಿ. ಅಕೌಂಟ್ಸ್ ವಿಭಾಗದವರೊಬ್ಬರು ಉದ್ದದ ಎಕ್ಸೆಲ್ ಶೀಟ್ ಮುಂದೆ ಕೂತಿದ್ದಾರೆ. ನಾಳೆ ಬೆಳಿಗ್ಗೆಯ ಮೀಟಿಂಗಿಗೆ ಅದರ ಸಾರಾಂಶ ಬೇಕು. ಕಂಪ್ಯೂಟರಿನಲ್ಲಿ ಚಾಟ್‌ಜಿಪಿಟಿ ತೆರೆಯುತ್ತಿಲ್ಲ. ಮೊಬೈಲ್ ತೆಗೆದು ಸ್ಕ್ರೀನಿನ ಫೋಟೊ ಹೊಡೆದು, ಸ್ವಂತ ಜಿಮೇಲ್‌ನಿಂದ ಲಾಗಿನ್ ಆದ ಉಚಿತ ಆ್ಯಪ್‌ಗೆ ಹಾಕುತ್ತಾರೆ. ಎರಡು ನಿಮಿಷದ ಕೆಲಸ. ಕಂಪನಿಯ ನೆಟ್‌ವರ್ಕ್ ಕಾಯುವ ನಿಮ್ಮ ಫೈರ್‌ವಾಲ್‌ಗೆ ಇದರ ಸುಳಿವೂ ಸಿಗುವುದಿಲ್ಲ. ಅವರಿಗೇನೂ ಕೆಟ್ಟ ಉದ್ದೇಶವಿಲ್ಲ, ಕೆಲಸ ಮುಗಿಸಿ ಮನೆಗೆ ಹೊರಡಬೇಕಷ್ಟೆ.

2023ರಲ್ಲಿ ಸ್ಯಾಮ್‌ಸಂಗ್‌ನಲ್ಲಿ ಆದದ್ದೂ ಇಂಥದ್ದೇ. ಸೆಮಿಕಂಡಕ್ಟರ್ ವಿಭಾಗದಲ್ಲಿ ನೌಕರರು ಕೋಡ್‌ನ ದೋಷ ಹುಡುಕಿಸಲು ಆ ಕೋಡನ್ನೇ ಚಾಟ್‌ಜಿಪಿಟಿಗೆ ಅಂಟಿಸಿದರು. ಇನ್ನೊಬ್ಬರು ನಡಾವಳಿ ಬರೆಸಲು ಮೀಟಿಂಗಿನ ಮಾತುಕತೆಯನ್ನೇ ಹಾಕಿದರು. ಮೇ ತಿಂಗಳಲ್ಲಿ ಕಂಪನಿ ನಿಷೇಧ ಹೇರಿತು. ನಮ್ಮ ಕೇಂದ್ರ ಹಣಕಾಸು ಸಚಿವಾಲಯವೂ ಕಚೇರಿಯ ಕಂಪ್ಯೂಟರ್‌ಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವನ್ನು ಬಳಸಕೂಡದೆಂದು 2025ರ ಜನವರಿಯಲ್ಲಿ ಸೂಚಿಸಿತು. ತೀರಾ ಗೋಪ್ಯ ಕಡತಗಳಿರುವ ಕಡೆ ಇದು ಸರಿಯೇ. ಉಳಿದ ಕಡೆ, ಬದಲಿ ದಾರಿ ಕೊಡದೆ ಬಾಗಿಲು ಹಾಕಿದರೆ ಜನ ಕಿಟಕಿ ಹುಡುಕುತ್ತಾರೆ.

ಹಾಕಿದ ಮಾಹಿತಿ ಆ ಕಡೆ ಭದ್ರವಾಗಿರುತ್ತದೆ ಅಂತಲೂ ಇಲ್ಲ. 2023ರ ಮಾರ್ಚ್ 20ರಂದು ಒಂದು ತಾಂತ್ರಿಕ ದೋಷದಿಂದ ಚಾಟ್‌ಜಿಪಿಟಿಯ ಕೆಲವು ಬಳಕೆದಾರರಿಗೆ ಬೇರೆಯವರ ಚಾಟ್‌ಗಳ ಶೀರ್ಷಿಕೆಗಳು ಕಾಣಿಸಿದವು. 2025ರ ಜನವರಿಯಲ್ಲಿ ಡೀಪ್‌ಸೀಕ್‌ನ ಡೇಟಾಬೇಸ್ ಒಂದು ಪಾಸ್‌ವರ್ಡೇ ಇಲ್ಲದೆ ತೆರೆದು ಬಿದ್ದಿದ್ದನ್ನು ವಿಜ್ ಎಂಬ ಭದ್ರತಾ ಕಂಪನಿ ಪತ್ತೆ ಮಾಡಿತು. ಬಳಕೆದಾರರ ಚಾಟ್‌ಗಳೂ ಅದರಲ್ಲಿದ್ದವು. ಇನ್ನು ಲಾಗಿನ್ ಕಳವು. ಕಂಪ್ಯೂಟರಿಗೆ ಹೊಕ್ಕು ಪಾಸ್‌ವರ್ಡ್ ಕದಿಯುವ ಸಾಫ್ಟ್‌ವೇರ್‌ಗಳ ಮೂಲಕ ಚಾಟ್‌ಜಿಪಿಟಿಯ ಒಂದು ಲಕ್ಷಕ್ಕೂ ಹೆಚ್ಚು ಖಾತೆಗಳ ಲಾಗಿನ್ ಸೋರಿಹೋಗಿರುವುದನ್ನು ಗ್ರೂಪ್-ಐಬಿ ಕಂಪನಿ 2023ರಲ್ಲಿ ಲೆಕ್ಕ ಹಾಕಿತ್ತು. ದೇಶವಾರು ಪಟ್ಟಿಯಲ್ಲಿ ಮೊದಲಿಗೆ ಇದ್ದದ್ದು ಭಾರತ. ಲಾಗಿನ್ ಸಿಕ್ಕವನಿಗೆ ಹಳೆಯ ಚಾಟ್‌ಗಳೆಲ್ಲ ಸಿಕ್ಕಂತೆಯೇ.

ಇಷ್ಟೆಲ್ಲ ಇದ್ದರೂ ನನಗೆ ಹೆಚ್ಚು ಚಿಂತೆ ಇರುವುದು ನಾವು ಹಾಕುವ ಮಾಹಿತಿಯ ಬಗ್ಗೆ ಅಲ್ಲ, ಬಾಟ್ ತಾನಾಗಿ ಓದುವ ಮಾಹಿತಿಯ ಬಗ್ಗೆ. ಯಜಮಾನನ ಆಜ್ಞೆ ಯಾವುದು, ಓದಲು ಕೊಟ್ಟ ಕಾಗದ ಯಾವುದು ಎಂಬ ಭೇದ ಚಾಟ್‌ಬಾಟ್‌ಗೆ ಗಟ್ಟಿಯಾಗಿ ತಿಳಿಯುವುದಿಲ್ಲ. ಎರಡೂ ಅದಕ್ಕೆ ಅಕ್ಷರಗಳೇ. ಹೊಸದಾಗಿ ಸೇರಿದ ಗುಮಾಸ್ತ, ಟಪಾಲಿನಲ್ಲಿ ಬಂದ ಯಾವುದೋ ಪತ್ರದಲ್ಲಿ ‘ಬೀರುವಿನ ಕಡತ ಈ ವಿಳಾಸಕ್ಕೆ ಕಳಿಸು’ ಎಂದಿದ್ದರೆ ಅದೂ ಸಾಹೇಬರ ಮಾತೇ ಎಂದುಕೊಂಡು ಕಳಿಸಿಬಿಟ್ಟ ಹಾಗೆ. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎನ್ನುತ್ತಾರೆ.

ಕಚೇರಿಯ ಮೇಲ್, ಫೈಲ್‌ಗಳನ್ನು ಓದಿ ಉತ್ತರಿಸುವ ಎಐ ಸಹಾಯಕ ಮೈಕ್ರೋಸಾಫ್ಟ್ 365 ಕೋಪೈಲಟ್‌ನಲ್ಲಿದ್ದ ‘ಎಕೋಲೀಕ್’ ದೋಷವನ್ನೇ ನೋಡಿ. ಏಮ್ ಸೆಕ್ಯುರಿಟಿಯ ಸಂಶೋಧಕರು 2025ರ ಜೂನ್‌ನಲ್ಲಿ ಅದನ್ನು ಬಹಿರಂಗಪಡಿಸಿದರು. ದಾಳಿಕೋರ ನಿಮ್ಮ ನೌಕರನಿಗೆ ಮಾಮೂಲಿ ಇಮೇಲ್ ಒಂದನ್ನು ಕಳಿಸುತ್ತಾನೆ. ಅದರಲ್ಲಿ ವೈರಸ್ ಇಲ್ಲ. ಇರುವುದು ಬರಿ ಬರಹ, ಓದುವ ಮನುಷ್ಯನಿಗೇ ಹೇಳಿದಂತೆ ಕಾಣುವ ಸೂಚನೆಗಳು. ನೌಕರ ಅದನ್ನು ತೆರೆಯಲೂ ಬೇಕಿಲ್ಲ. ಮುಂದೆ ಯಾವಾಗಲೋ ಆತ ಕೋಪೈಲಟ್‌ಗೆ ಕೆಲಸದ ಪ್ರಶ್ನೆ ಕೇಳುತ್ತಾನೆ. ಉತ್ತರಕ್ಕಾಗಿ ಅದು ಆತನ ಮೇಲ್, ಫೈಲ್‌ಗಳನ್ನೆಲ್ಲ ಜಾಲಾಡುವಾಗ ಈ ಮೇಲ್ ಕೂಡ ಕೈಗೆ ಸಿಗುತ್ತದೆ. ಅದರೊಳಗಿನ ಸೂಚನೆಯನ್ನು ಪಾಲಿಸಿ, ತನಗೆ ಕಂಡ ಗೋಪ್ಯ ಮಾಹಿತಿಯನ್ನು ಒಂದು ಚಿತ್ರದ ವೆಬ್ ವಿಳಾಸದ ಬಾಲಕ್ಕೆ ಸೇರಿಸಿ ಉತ್ತರದಲ್ಲಿ ಇಡುತ್ತದೆ. ಚಿತ್ರ ತೋರಿಸಲು ಬ್ರೌಸರ್ ತಾನಾಗಿ ಆ ವಿಳಾಸಕ್ಕೆ ಹೋಗುತ್ತದೆ. ಬಾಲದಲ್ಲಿದ್ದದ್ದು ದಾಳಿಕೋರನ ಕೈ ಸೇರುತ್ತದೆ. ನೌಕರ ಎಲ್ಲೂ ಒಂದು ಕ್ಲಿಕ್ ಮಾಡಿಲ್ಲ. ಇದರ ತೀವ್ರತೆಗೆ ಸಿಕ್ಕ ಅಂಕ 10ಕ್ಕೆ 9.3.

ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು, ಗ್ರಾಹಕರಿಗೆ ಹಾನಿಯಾಗಿಲ್ಲ ಎಂದಿತು. ಆದರೆ ಕೋಪೈಲಟ್ ಕಂಪನಿಗಳೇ ದುಡ್ಡು ಕೊಟ್ಟು ತರುವಂಥದ್ದು, ಐಟಿ ವಿಭಾಗವೇ ಒಪ್ಪಿಗೆ ಕೊಟ್ಟು ಕೂರಿಸುವಂಥದ್ದು. ಹೊರಗಿನ ಚಾಟ್‌ಬಾಟ್‌ಗಳನ್ನು ಬ್ಲಾಕ್ ಮಾಡಿದ್ದರೆ ಇದು ನಿಲ್ಲುತ್ತಿತ್ತೇ? ಈ ಒಂದು ದೋಷ ಮುಚ್ಚಿದ್ದರಿಂದ ಈ ಜಾತಿಯ ದಾಳಿಯೇ ಮುಗಿಯಿತು ಅಂತಲೂ ಅಲ್ಲ. ಪ್ರಾಂಪ್ಟ್ ಇಂಜೆಕ್ಷನ್ನನ್ನು ಪೂರ್ತಿಯಾಗಿ ತಡೆಯಲು ಎಂದಿಗೂ ಆಗದೇ ಹೋಗಬಹುದು ಎಂದು ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ 2025ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ.

ಹಾಗಾಗಿ ಬಾಟ್ ಒಂದಲ್ಲ ಒಂದು ದಿನ ಮೋಸ ಹೋಗುತ್ತದೆ ಎಂದೇ ಇಟ್ಟುಕೊಂಡು ವ್ಯವಸ್ಥೆ ಮಾಡಿ. ಮೋಸ ಹೋದ ಗಳಿಗೆಯಲ್ಲಿ ಅದರ ಕೈಗೆ ಏನೇನು ಸಿಗುತ್ತದೆ, ಹೊರಗೆ ಏನನ್ನು ಕಳಿಸಬಲ್ಲದು? ನಿಮ್ಮ ಕೆಲಸವೆಲ್ಲ ಇಲ್ಲಿದೆ. ‘ಎಲ್ಲರಿಗೂ’ ಎಂದು ಹಂಚಿ ಮರೆತ ಹಳೆಯ ಫೋಲ್ಡರುಗಳು ಪ್ರತಿ ಕಂಪನಿಯಲ್ಲೂ ಇರುತ್ತವೆ. ಯಾರೂ ಹುಡುಕದೆ ಇದ್ದದ್ದರಿಂದ ಇಷ್ಟು ದಿನ ಅವು ಗುಟ್ಟಾಗಿದ್ದವು, ಬಾಟ್ ಅರೆಕ್ಷಣದಲ್ಲಿ ಹುಡುಕಿ ಕೊಡುತ್ತದೆ. ಮೊದಲು ಆ ಅನುಮತಿಗಳನ್ನು ಬಿಗಿ ಮಾಡಿ. ಮೇಲ್ ಕಳಿಸುವುದು, ಹಣ ಪಾವತಿಸುವುದು, ಫೈಲ್ ಅಳಿಸುವುದು, ಇವು ಯಾವುದನ್ನೂ ಮನುಷ್ಯನೊಬ್ಬ ನೋಡಿ ಒಪ್ಪದೆ ಬಾಟ್ ಮಾಡುವಂತಿರಬಾರದು. ಅದರ ಉತ್ತರದಲ್ಲಿ ಹೊರಗಿನ ಚಿತ್ರ, ಲಿಂಕ್‌ಗಳು ತಾವಾಗಿ ತೆರೆಯದಂತೆ ನೋಡಿಕೊಳ್ಳಿ.

ಜನರ ವಿಷಯಕ್ಕೆ ಬಂದರೆ, ನಮ್ಮ ಮಾಹಿತಿಯನ್ನು ಎಐಗೆ ತರಬೇತಿ ಕೊಡಲು ಬಳಸುವುದಿಲ್ಲ ಎಂಬ ಕರಾರಿರುವ ಒಂದು ಚಾಟ್‌ಬಾಟನ್ನು ಕಂಪನಿಯ ಲಾಗಿನ್‌ನೊಂದಿಗೆ, ಎರಡು ಹಂತದ ದೃಢೀಕರಣದೊಂದಿಗೆ ಕೊಡಿ. ಗ್ರಾಹಕರ ಆಧಾರ್, ಸಂಬಳದ ಪಟ್ಟಿ, ಪಾಸ್‌ವರ್ಡ್, ಇನ್ನೂ ಸಹಿಯಾಗದ ಒಪ್ಪಂದ ಹಾಕಬೇಡಿ ಎಂದು ಒಂದೇ ಪುಟದಲ್ಲಿ ಬರೆಯಿರಿ, ಕನ್ನಡದಲ್ಲೂ. ತಪ್ಪಾಗಿ ಹಾಕಿದವರು ಹೆದರದೆ ಬಂದು ಹೇಳುವಂತಿರಲಿ. ಇದು ಬರಿ ಸೌಜನ್ಯದ ಮಾತಲ್ಲ. ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ನಿರ್ದೇಶಿಸಿದೆ. ವರದಿ ಮಾಡಬೇಕಾದ ಘಟನೆಗಳಲ್ಲಿ ಎಐ ವ್ಯವಸ್ಥೆಗಳ ಮೇಲಿನ ದಾಳಿಯೂ ಸೇರಿದೆ. ವೈಯಕ್ತಿಕ ಡೇಟಾ ಕಾಪಾಡುವ ಕ್ರಮ ಕೈಗೊಳ್ಳದೆ ಸೋರಿಕೆಯಾದರೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಡಿ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಇನ್ನೊಂದು ಮಾತು. ಮೋಸದ ಸಂದೇಶಗಳ ಕನ್ನಡ ಮೊದಲೆಲ್ಲ ಎಡವಟ್ಟಾಗಿರುತ್ತಿತ್ತು, ಓದಿದ ಕೂಡಲೇ ಅನುಮಾನ ಬರುತ್ತಿತ್ತು. ಚಾಟ್‌ಬಾಟ್ ಬರೆದುಕೊಡುವ ಕನ್ನಡ ಹಾಗಿಲ್ಲ. ‘ಭಾಷೆ ತಪ್ಪಾಗಿದ್ದರೆ ಎಚ್ಚರ’ ಎಂದು ಸಿಬ್ಬಂದಿಗೆ ಕಲಿಸುತ್ತಿದ್ದರೆ ಆ ಪಾಠ ಬದಲಿಸಿ.

ಎಲ್ಲಿಂದ ಶುರು ಮಾಡಲಿ ಎಂದರೆ, ಹೊಸಬರಿಗೆ ಕೊಡುವಷ್ಟೇ ಅನುಮತಿಯಿರುವ ಒಂದು ಖಾತೆ ತೆರೆದು ಲಾಗಿನ್ ಆಗಿ, ಕಂಪನಿಯ ಬಾಟ್‌ಗೆ ‘ನಮ್ಮಲ್ಲಿ ಯಾರಿಗೆ ಎಷ್ಟು ಸಂಬಳ?’ ಎಂದು ಕೇಳಿ. ಅಂಕಿಗಳು ಬಂದರೆ, ಯಾವ ಫೈಲಿನಿಂದ ತೆಗೆದದ್ದು ಎಂದೂ ಕೇಳಿ. ಆ ಫೋಲ್ಡರನ್ನು ಅವತ್ತೇ ಮುಚ್ಚಿಸಿ, ಆಮೇಲೆ ಮುಂದಿನ ಪ್ರಶ್ನೆಗೆ ಹೋಗಿ.