ಓವನ್ ಬೇಡದ ಪದರ ಪುಡ್ಡಿಂಗ್: ಕರಾವಳಿಯ ಸೆಕೆಗೆ ನಿಲ್ಲುವಂತೆ ಮಾಡುವುದು

ಮೇ ತಿಂಗಳ ಮಧ್ಯಾಹ್ನ ಮಂಗಳೂರಿನಲ್ಲಿ ನೆರಳಲ್ಲೇ 33–34 ಡಿಗ್ರಿ ಸೆಕೆ. ಜೆಲಟಿನ್ ಕರಗುವುದು 30ರಿಂದ 35 ಡಿಗ್ರಿಯ ಆಸುಪಾಸಿನಲ್ಲಿ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದುಕೊಂಡರೆ, ಚಪ್ಪರದಡಿ ಇಟ್ಟ ಪುಡ್ಡಿಂಗ್ ಅರ್ಧ ಗಂಟೆಯಲ್ಲಿ ಪಾಯಸವಾಗುವುದು ಯಾಕೆಂದು ಗೊತ್ತಾಗುತ್ತದೆ. ತಪ್ಪು ಕೈಯದ್ದಲ್ಲ, ಪಾಕವಿಧಾನ ಬರೆದ ಊರಿನದ್ದು. ಹೊರಗೆ 20 ಡಿಗ್ರಿ ಇರುವ ಕಡೆ ಬರೆದದ್ದನ್ನು ಉಡುಪಿಯ ಗೃಹಪ್ರವೇಶಕ್ಕೆ ಹಾಗೇ ಇಳಿಸಲು ಆಗುವುದಿಲ್ಲ.

ಈ ಟಿಪ್ಪಣಿಯಲ್ಲಿ ತೆಗೆದುಕೊಂಡದ್ದು ನಾಲ್ಕು ಪದರದ ಒಂದು ಪುಡ್ಡಿಂಗ್: ಕೆಳಗೆ ಬಿಸ್ಕತ್ತು, ಅದರ ಮೇಲೆ ಬಸಿದ ಮೊಸರಿನ ಕೆನೆ, ಆಮೇಲೆ ಅನನಾಸು, ಮೇಲೆ ಮಾವು. 9 ಇಂಚು ಚೌಕದ, ಎರಡೂವರೆ ಇಂಚು ಆಳದ ಗಾಜಿನ ಪಾತ್ರೆಗೆ ಲೆಕ್ಕ ಹಾಕಿದೆ. 16 ತುಂಡು ಬರುತ್ತದೆ. ಗಡ್‌ಬಡ್ ಐಸ್‌ಕ್ರೀಮ್‌ನಲ್ಲೂ ಪದರವೇ ಇರುವುದು, ಆದರೆ ಅದರ ಪದರಗಳು ಉದ್ದ ಚಮಚಕ್ಕೆ ಸಿಕ್ಕಿ ಬೆರೆಯಬೇಕಾದವು. ಇಲ್ಲಿ ಚಾಕು ಹಾಕಿದರೂ ಗೆರೆ ನಿಲ್ಲಬೇಕು. ಅದಕ್ಕಾಗಿ ಪ್ರತಿ ಪದರವೂ ತನ್ನ ನೀರನ್ನು ತಾನೇ ಹಿಡಿದುಕೊಳ್ಳಬೇಕು. ಕೆಟ್ಟುಹೋದ ಪುಡ್ಡಿಂಗ್‌ಗಳಲ್ಲಿ ಹೆಚ್ಚಿನವು ಕೆಡುವುದು ಒಂದು ಪದರದ ನೀರು ಇನ್ನೊಂದಕ್ಕೆ ಇಳಿದು.

ಚೈನಾಗ್ರಾಸ್ ಯಾಕೆ

ಚೈನಾಗ್ರಾಸ್, ಅಂದರೆ ಅಗರ್ ಅಗರ್, ಕಡಲಪಾಚಿಯಿಂದ ಬರುವುದು. ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದ್ದು. ಸಸ್ಯಾಹಾರದ ಜಂಬರದಲ್ಲಿ (ಸಮಾರಂಭದಲ್ಲಿ) ಅದು ಅಲ್ಲಿಗೇ ಮುಗಿಯಿತು. ಆದರೆ ಕಾರಣ ಅದೊಂದೇ ಅಲ್ಲ. ಅಗರ್ 35–40 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ, ಒಮ್ಮೆ ಗಟ್ಟಿಯಾದ ಮೇಲೆ 85 ಡಿಗ್ರಿ ಮುಟ್ಟುವ ತನಕ ಕರಗುವುದಿಲ್ಲ. ನಮ್ಮ ಸೆಕೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಎರಡನೇ ಕಾರಣ ಅನನಾಸು. ಹಸಿ ಅನನಾಸಿನಲ್ಲಿ ಬ್ರೋಮೆಲಿನ್ ಎಂಬ ಕಿಣ್ವವಿದೆ, ಅದರ ಕೆಲಸವೇ ಪ್ರೋಟೀನನ್ನು ತುಂಡರಿಸುವುದು. ಜೆಲಟಿನ್ ಪ್ರೋಟೀನ್ ಆದ್ದರಿಂದ ಹಸಿ ಅನನಾಸು ಬಿದ್ದರೆ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೂ ಗಟ್ಟಿಯಾಗುವುದಿಲ್ಲ. ಅಗರ್ ಪ್ರೋಟೀನ್ ಅಲ್ಲ, ಸಕ್ಕರೆಯ ಉದ್ದ ಸರಪಳಿ. ಬ್ರೋಮೆಲಿನ್ ಅದನ್ನು ಮುಟ್ಟದು. ಹಾಗಂತ ಹಸಿ ಅನನಾಸು ಹಾಕಬಹುದು ಅಂದುಕೊಳ್ಳಬೇಡಿ. ಕೆಳಗಿನ ಕೆನೆಯಲ್ಲಿ ಹಾಲಿನ ಪ್ರೋಟೀನ್ ಇದೆ. ಕಿಣ್ವ ಅದನ್ನು ತುಂಡರಿಸಿದಾಗ ಹುಟ್ಟುವ ಚೂರುಗಳು ಕಹಿ. ಹಿಂದಿನ ರಾತ್ರಿ ಚೆನ್ನಾಗಿದ್ದ ಪುಡ್ಡಿಂಗ್ ಮರುದಿನ ಮಧ್ಯಾಹ್ನಕ್ಕೆ ಕಹಿಯಾದರೆ ಹಾಲು ಹಳತೆಂದು ಬೈಯುವ ಮೊದಲು ಅನನಾಸು ಬೇಯಿಸಿದ್ದೀರಾ ನೋಡಿ. ಪಪ್ಪಾಯದಲ್ಲೂ ಪಪೈನ್ ಎಂಬ ಇಂಥದ್ದೇ ಕಿಣ್ವ, ಹಾಲಿನ ಜೊತೆ ಅದರದ್ದೂ ಇದೇ ಕಥೆ. ಎಂಟು ಹತ್ತು ನಿಮಿಷ ಕುದಿಸಿದರೆ ಕಿಣ್ವ ಸಾಯುತ್ತದೆ. ಡಬ್ಬಿಯ ಅನನಾಸು ಮೊದಲೇ ಬಿಸಿ ಕಂಡದ್ದು, ಅದಕ್ಕೆ ಈ ತೊಂದರೆ ಇಲ್ಲ, ಪರಿಮಳವೂ ಅಷ್ಟಕ್ಕಷ್ಟೇ.

ಸಾಮಾನು

ತಳಕ್ಕೆ ಮೇರಿ ಬಿಸ್ಕತ್ತು 200 ಗ್ರಾಂ, ಹುರಿದ ಗೇರುಬೀಜ 40 ಗ್ರಾಂ, ಬೆಣ್ಣೆ 100 ಗ್ರಾಂ. ಕೆನೆಗೆ 1 ಕಿಲೋ ಗಟ್ಟಿ ಮೊಸರನ್ನು ಬಸಿದು ಸಿಗುವ 400 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ 200 ಗ್ರಾಂ, ಫ್ರೆಶ್ ಕ್ರೀಮ್ 150 ಗ್ರಾಂ, ಚೈನಾಗ್ರಾಸ್ ಎಳೆ 7 ಗ್ರಾಂ. ಅನನಾಸಿನ ಪದರಕ್ಕೆ ಸಣ್ಣಗೆ ಕೊಚ್ಚಿದ ಹಣ್ಣು 400 ಗ್ರಾಂ, ಸಕ್ಕರೆ 60 ಗ್ರಾಂ, ಬೊಂಡದ ನೀರು (ಎಳನೀರು) 200 ಮಿಲಿ, ಎಳೆ 4 ಗ್ರಾಂ. ಮಾವಿಗೆ ಸೋಸಿದ ತಿರುಳು 400 ಮಿಲಿ, ಎಳೆ 4 ಗ್ರಾಂ. ಸಕ್ಕರೆ ಹಣ್ಣು ನೋಡಿಕೊಂಡು, ಹೆಚ್ಚೆಂದರೆ ಎರಡು ಚಮಚ.

ಎಳೆಯ ಬದಲು ಪುಡಿ ಇದ್ದರೆ ಮುಕ್ಕಾಲು ಪಾಲಿನಿಂದ ಶುರು ಮಾಡಿ, ಪುಡಿ ಸಾಮಾನ್ಯವಾಗಿ ಹೆಚ್ಚು ಬಿಗಿ ಹಿಡಿಯುತ್ತದೆ. ಸಂಶಯವಿದ್ದರೆ ಒಂದು ಚಮಚ ಮಿಶ್ರಣವನ್ನು ಸ್ಟೀಲ್ ತಟ್ಟೆಗೆ ಹಾಕಿ ಎರಡು ನಿಮಿಷ ಫ್ರಿಜ್‌ನಲ್ಲಿಡಿ. ಬೆರಳಲ್ಲಿ ದೂಡಿದಾಗ ನಡುಗಿ ಸುಕ್ಕುಗಟ್ಟಿದರೆ ಸರಿ. ರಬ್ಬರಿನಂತೆ ಜಾರಿ ಓಡಿದರೆ ಜಾಸ್ತಿಯಾಗಿದೆ. ಅಗರ್ ನಾಲಗೆಯ ಮೇಲೆ ಕರಗುವುದಿಲ್ಲ, ಹಲ್ಲಿಗೆ ಸಿಕ್ಕು ಮುರಿಯುತ್ತದೆ; ಜಾಸ್ತಿ ಹಾಕಿದ್ದು ಮೊದಲ ಚಮಚದಲ್ಲೇ ಗೊತ್ತಾಗುತ್ತದೆ.

ಮಾವಿನಲ್ಲಿ ಮುಂಡಪ್ಪ ಸಿಕ್ಕಿದರೆ ಒಳ್ಳೆಯದು, ರಸ ತುಂಬ. ಬಾದಾಮಿಯೂ ಆದೀತು. ಕಾಟು, ಅಂದರೆ ಕಾಡು ಮಾವಿನಹಣ್ಣು ನಾರು, ಹುಳಿ ಎರಡೂ ಜಾಸ್ತಿ. ಆದರೆ ಅದರ ಪರಿಮಳ ಬೇರೆ ಯಾವುದಕ್ಕೂ ಇಲ್ಲ. ನಾಲ್ಕು ಪಾಲು ಮುಂಡಪ್ಪಕ್ಕೆ ಒಂದು ಪಾಲು ಕಾಟು ಮಾವಿನ ರಸ ಸೋಸಿ ಹಾಕಿ ನೋಡಿ. ಕಲ್ಲಂಗಡಿ ಮಾತ್ರ ಬೇಡವೇ ಬೇಡ, ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು. ಬಾಳೆಹಣ್ಣು ಕಪ್ಪಾಗುತ್ತದೆ. ಹಲಸು ಹಾಕುವುದಾದರೆ ಬಕ್ಕೆಯ (ಗಟ್ಟಿ ತೊಳೆಯ ಹಲಸಿನ) ತೊಳೆ, ಸಣ್ಣಗೆ ಹೆಚ್ಚಿ. ತುಳುವದ್ದು, ಅಂದರೆ ಮೆತ್ತನೆ ತೊಳೆಯದ್ದು, ನಾರುನಾರಾಗಿ ಚಾಕುವಿಗೆ ಸುತ್ತಿಕೊಳ್ಳುತ್ತದೆ.

ತಳ

ನಮ್ಮಲ್ಲಿ ಬಿಸ್ಕತ್ತಿನ ಪ್ಯಾಕೆಟ್ ಒಡೆದು ಒಂದು ಗಂಟೆ ಬಿಟ್ಟರೆ ಸಾಕು, ಗಾಳಿಯ ಪಸೆ ಕುಡಿದು ಮೆತ್ತಗಾಗುತ್ತದೆ. ಕೆಲಸಕ್ಕೆ ಕುಳಿತಾಗಲೇ ಒಡೆಯಿರಿ. ಮೊದಲೇ ಮೆತ್ತಗಾಗಿದ್ದರೆ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಗೇರುಬೀಜ ತರಿತರಿಯಾಗಿರಲಿ. ಕರಗಿಸಿದ ಬೆಣ್ಣೆ ಸೇರಿಸಿ ಹಿಂಡಿದರೆ ಮುಷ್ಟಿಯಲ್ಲಿ ಉಂಡೆ ನಿಲ್ಲಬೇಕು, ಕೈಗೆ ಎಣ್ಣೆ ಬಿಡಬಾರದು. ಪಾತ್ರೆಗೆ ಹರಡಿ ಚಪ್ಪಟೆ ತಳದ ಲೋಟದಿಂದ ಒತ್ತಿ, ಮೂಲೆಗಳನ್ನು ಬೆರಳಿನಿಂದ. ಅರ್ಧ ಗಂಟೆ ಫ್ರಿಜ್‌ನಲ್ಲಿರಲಿ.

ಬೆಣ್ಣೆಯ ಬದಲು ತೆಂಗಿನೆಣ್ಣೆ ಹಾಕುವ ಸಲಹೆ ಎಲ್ಲೆಡೆ ಕಾಣುತ್ತದೆ. ತೆಂಗಿನೆಣ್ಣೆ 24 ಡಿಗ್ರಿಗೇ ಕರಗುವಂಥದ್ದು. ನಮ್ಮ ಅಡುಗೆಮನೆಯ ಬಾಟಲಿಯಲ್ಲಿ ಅದು ಹೆಪ್ಪುಗಟ್ಟುವುದನ್ನು ವರ್ಷದಲ್ಲಿ ಎಷ್ಟು ದಿನ ಕಂಡಿದ್ದೀರಿ? ಆ ತಳ ಫ್ರಿಜ್‌ನಿಂದ ಹೊರಬಂದು ಹತ್ತು ನಿಮಿಷಕ್ಕೆ ಉದುರುತ್ತದೆ.

ಹಣ್ಣನ್ನು ನೇರ ಬಿಸ್ಕತ್ತಿನ ಮೇಲೆ ಇಡಬೇಡಿ. ಕೊಬ್ಬಿರುವ ಕೆನೆ ನಡುವೆ ಇದ್ದರೆ ಹಣ್ಣಿನ ನೀರು ಕೆಳಗೆ ಇಳಿಯುವುದು ನಿಧಾನ. ಪದರಗಳ ಕ್ರಮಕ್ಕೆ ಕಾರಣ ಇದು, ಬಣ್ಣವಲ್ಲ.

ಕೆನೆ: ಹೆಚ್ಚಿನವರು ಸೋಲುವ ಜಾಗ

ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನೊಳಗೇ ಎಂಟು ಗಂಟೆ ಬಸಿಯಿರಿ. ಹೊರಗೆ ತೂಗುಹಾಕಿದರೆ ಈ ಸೆಕೆಗೆ ಹುಳಿ ಏರುತ್ತದೆ. ಇಳಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಬರುತ್ತದೆ. ಸಾಮಾನ್ಯ ಪ್ಯಾಕಿನ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು 25 ಶೇಕಡಾ. ಕಡೆದು ನೊರೆಯೇಳಿಸಲು 30ಕ್ಕಿಂತ ಮೇಲೆ ಬೇಕು. ಅದನ್ನು ಕಡೆಯುತ್ತ ಕೂರುವುದು ವ್ಯರ್ಥ, ಬರೀ ಬೆರೆಸಿ.

ಎಳೆಗಳನ್ನು ಸಣ್ಣಗೆ ಕತ್ತರಿಸಿ 200 ಮಿಲಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅದೇ ನೀರಿನಲ್ಲಿ ಕುದಿಸಿ. ಕುದಿ ಬಂದ ಮೇಲೂ ಐದಾರು ನಿಮಿಷ ಬೇಕು. ಚಮಚವನ್ನು ಎತ್ತಿ ಬೆಳಕಿಗೆ ಹಿಡಿದರೆ ಅದರ ಬೆನ್ನಲ್ಲಿ ಒಂದೂ ಕಣ ಕಾಣಬಾರದು. ಆಗ ಸುಮಾರು 150 ಮಿಲಿ ಉಳಿದಿರುತ್ತದೆ.

ಇನ್ನು ಲೆಕ್ಕ. 750 ಗ್ರಾಂ ಮೊಸರಿನ ಮಿಶ್ರಣ ಫ್ರಿಜ್‌ನಿಂದ ಬಂದು 5 ಡಿಗ್ರಿಯಲ್ಲಿದೆ, ಅದಕ್ಕೆ 95 ಡಿಗ್ರಿಯ 150 ಮಿಲಿ ಅಗರ್ ಸುರಿದಿರಿ ಎನ್ನೋಣ. ಒಟ್ಟು ಬಿಸಿ ಸುಮಾರು 20 ಡಿಗ್ರಿಗೆ ಬಂದು ನಿಲ್ಲುತ್ತದೆ. ಅಗರ್ 35ಕ್ಕೇ ಗಟ್ಟಿಯಾಗುವಂಥದ್ದು, ಹಾಗಾಗಿ ಬೆರೆಯುವ ಮೊದಲೇ ಶ್ಯಾವಿಗೆಯ ಎಳೆಗಳಾಗಿ ಬಿಡುತ್ತದೆ. ಎಷ್ಟು ಕಡೆದರೂ ಆ ಎಳೆಗಳು ಹೋಗವು, ಸುತ್ತಲಿನ ಕೆನೆ ಗಟ್ಟಿಯೂ ಆಗದು. ಮಿಶ್ರಣ ಕೋಣೆಯ 32 ಡಿಗ್ರಿಯಲ್ಲಿದ್ದರೆ ಒಟ್ಟು 42ರ ಹತ್ತಿರ. ಬದುಕಿತು, ಆದರೆ ಕೂದಲೆಳೆಯಲ್ಲಿ. ಬಿಸಿನೀರಿನ ಪಾತ್ರೆಯ ಮೇಲಿಟ್ಟು 40ಕ್ಕೆ ತಂದರೆ ಒಟ್ಟು 49 ಆಗುತ್ತದೆ, ನೆಮ್ಮದಿಯಾಗಿ ಬೆರೆಸಬಹುದು. ಥರ್ಮಾಮೀಟರ್ ಇಲ್ಲದಿದ್ದರೆ ಮಗುವಿನ ಸ್ನಾನದ ನೀರಿನ ಹದ ನೆನೆಸಿಕೊಳ್ಳಿ. ಅದಕ್ಕಿಂತ ತುಂಬ ಮೇಲೆ ಹೋದರೆ ಮೊಸರು ಒಡೆಯುತ್ತದೆ. ಬೆರೆಸುವಾಗಲೂ ಮೊದಲು ಎರಡು ಸೌಟು ಮಿಶ್ರಣವನ್ನು ಅಗರ್‌ಗೆ ಹಾಕಿ ಕಲಕಿ, ಆಮೇಲೆ ಅದನ್ನು ದೊಡ್ಡ ಪಾತ್ರೆಗೆ ಸುರಿಯಿರಿ. ಜರಡಿಯ ಮೂಲಕ ತಳದ ಮೇಲೆ ಬಿಡಿ.

ಮುಂದಿನ ಪದರ ಯಾವಾಗ

ಪೂರ್ತಿ ತಣ್ಣಗಾಗಿ ಗಟ್ಟಿಯಾದ ಅಗರ್‌ನ ಮೇಲೆ ಇನ್ನೊಂದು ಅಗರ್ ಪದರ ಅಂಟುವುದಿಲ್ಲ. ನೋಡಲು ಒಂದೇ ಪುಡ್ಡಿಂಗ್, ತುಂಡು ಎತ್ತಿದರೆ ಮೇಲಿನದ್ದು ಹೆಂಚಿನಂತೆ ಜಾರಿ ತಟ್ಟೆಯಾಚೆ. ಬೆರಳ ತುದಿ ಮೆಲ್ಲಗೆ ಮುಟ್ಟಿಸಿ: ಅಂಟಬೇಕು, ಒಳಗೆ ಇಳಿಯಬಾರದು. ಆ ಗಳಿಗೆಯಲ್ಲಿ ಸುರಿಯಬೇಕು. ಇಲ್ಲಿ ನಮ್ಮ ಸೆಕೆಯೇ ಸಹಾಯ. ಕೋಣೆಯ ಬಿಸಿ ಅಗರ್ ಗಟ್ಟಿಯಾಗುವ ಬಿಸಿಗಿಂತ ಸ್ವಲ್ಪವೇ ಕೆಳಗಿರುವುದರಿಂದ ಆ ಗಳಿಗೆ ಸಾಕಷ್ಟು ಹೊತ್ತು ನಿಲ್ಲುತ್ತದೆ. ಆದ್ದರಿಂದ ಪದರಗಳ ನಡುವೆ ಫ್ರಿಜ್‌ಗೆ ಇಡದೆ ಅಡುಗೆಕಟ್ಟೆಯ ಮೇಲೆಯೇ ಬಿಡಿ. ಗಳಿಗೆ ತಪ್ಪಿದರೆ ಫೋರ್ಕಿನಿಂದ ಮೇಲ್ಮೈಯನ್ನು ತೆಳುವಾಗಿ ಗೀರಿ, ಹಿಡಿತ ಸಿಗುತ್ತದೆ.

ಅನನಾಸು, ಮಾವು

ಅನನಾಸನ್ನು ಸಕ್ಕರೆಯೊಂದಿಗೆ ಬೇಯಿಸಿ, ನೀರು ಇಂಗಿ 350 ಗ್ರಾಂನಷ್ಟಾಗಲಿ. ಚೈನಾಗ್ರಾಸನ್ನು ಬೊಂಡದ ನೀರಿನಲ್ಲಿ ಬೇರೆಯಾಗಿ ಕುದಿಸಿ, ಕೊನೆಗೆ ಸೇರಿಸಿ. ಎರಡನ್ನೂ ಒಟ್ಟಿಗೆ ಕುದಿಸಿದರೆ ಹಣ್ಣಿನ ಹುಳಿ ಅಗರ್‌ನ ಸರಪಳಿಗಳನ್ನು ಕಡಿದು ಬಲ ಕುಗ್ಗಿಸುತ್ತದೆ. ಪುನರ್ಪುಳಿ (ಕೋಕಮ್) ರಸ ಹಾಕುವವರಿಗೂ ಇದೇ ನಿಯಮ. ಕೈಗೆ ಸಹಿಸುವಷ್ಟು ಬಿಸಿಗೆ ಇಳಿದ ಮೇಲೆ, ಸೌಟಿನ ಬೆನ್ನಿನ ಮೇಲಿಂದ ಹರಿಯುವಂತೆ ಸುರಿಯಿರಿ. ಎತ್ತರದಿಂದ ಸುರಿದರೆ ಕೆನೆಯಲ್ಲಿ ಗುಂಡಿ ಬೀಳುತ್ತದೆ. ಬೊಂಡದ ಗಂಜಿ (ಎಳನೀರಿನ ಒಳಗಿನ ಮೆತ್ತನೆ ತಿರುಳು) ಇದ್ದರೆ ಹೆಚ್ಚಿ ಈ ಪದರದಲ್ಲೇ ಸೇರಿಸಿ.

ಮಾವನ್ನು ಕುದಿಸಬೇಡಿ, ಪರಿಮಳ ಹೋಗಿ ಜಾಮ್‌ನ ವಾಸನೆ ಬರುತ್ತದೆ. ಎಳೆಗಳನ್ನು ಕೆನೆಗೆ ಮಾಡಿದಂತೆಯೇ ಕುದಿಸಿ 150 ಮಿಲಿಗೆ ಇಳಿಸಿಕೊಳ್ಳಿ. ತಿರುಳು ಕೋಣೆಯ ಬಿಸಿಯಲ್ಲಿದ್ದರೆ ಕುದಿವ ಅಗರ್ ಸೇರಿದಾಗ ಒಟ್ಟು 49 ಡಿಗ್ರಿ ಬರುತ್ತದೆ, ಬೇರೇನೂ ಮಾಡಬೇಕಿಲ್ಲ. ಫ್ರಿಜ್‌ನ ತಿರುಳಾದರೆ 30ಕ್ಕಿಂತ ಕೆಳಗೆ, ಮತ್ತದೇ ಶ್ಯಾವಿಗೆ. ಹಸಿ ಹಣ್ಣಿನ ತುಂಡುಗಳ ಅಲಂಕಾರ ಬಡಿಸುವ ಹೊತ್ತಿಗೆ ಮಾತ್ರ, ಸಕ್ಕರೆ ತಾಗಿಸದೆ. ಸಕ್ಕರೆ ಹಣ್ಣಿನ ನೀರನ್ನು ಹೊರಗೆಳೆಯುತ್ತದೆ.

ಇಡುವುದು, ಒಯ್ಯುವುದು

ಫ್ರಿಜ್‌ನಲ್ಲಿ ಐದಾರು ಗಂಟೆ. ಮೀನಿನ ಪಾತ್ರೆ ಪಕ್ಕದಲ್ಲಿದ್ದರೆ ಗಟ್ಟಿ ಮುಚ್ಚಿ, ಕೆನೆ ವಾಸನೆ ಎಳೆದುಕೊಳ್ಳುವುದರಲ್ಲಿ ನಿಸ್ಸೀಮ. ಅವಸರಕ್ಕೆ ಫ್ರೀಜರ್‌ಗೆ ತಳ್ಳಬೇಡಿ. ಹೆಪ್ಪುಗಟ್ಟಿ ಕರಗಿದರೆ ಅಗರ್ ತನ್ನ ನೀರನ್ನೆಲ್ಲ ಕಾರಿ ಸ್ಪಂಜಿನಂತಾಗುತ್ತದೆ. ಚೈನಾಗ್ರಾಸ್ ಎಳೆ ತಯಾರಾಗುವುದೇ ಹೀಗೆ, ಹೆಪ್ಪುಗಟ್ಟಿಸಿ, ಕರಗಿಸಿ, ನೀರಿಳಿಸಿ ಒಣಗಿಸಿ. ನಿಮ್ಮ ಪುಡ್ಡಿಂಗ್ ಆ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ.

ಅಗರ್ ಸೆಕೆಗೆ ನಿಲ್ಲುತ್ತದೆಂದು ಕೆನೆಯೂ ನಿಲ್ಲುತ್ತದೆ ಎಂದುಕೊಳ್ಳಬಾರದು. 32 ಡಿಗ್ರಿಗಿಂತ ಮೇಲಿನ ಸೆಕೆಯಲ್ಲಿ ಹಾಲಿನ ಪದಾರ್ಥವನ್ನು ಹೊರಗಿಡಬಹುದಾದದ್ದು ಒಂದು ಗಂಟೆ, ಆಕಾರ ಎಷ್ಟೇ ಚೆನ್ನಾಗಿದ್ದರೂ ಸರಿ. ಉಡುಪಿಯಿಂದ ಮಂಗಳೂರಿಗೆ ಒಯ್ಯುವುದಾದರೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಚೀಲಗಳನ್ನು ಕೆಳಗೂ ಬದಿಗೂ ಇಟ್ಟು, ಪಾತ್ರೆ ಅಲ್ಲಾಡದಂತೆ ಟವೆಲ್ ತುರುಕಿ. ತುಂಡು ಮಾಡುವುದು ಅಲ್ಲಿಗೆ ಹೋದ ಮೇಲೆ. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಗರಗಸದಂತೆ ಎಳೆಯದೆ ನೇರ ಕೆಳಗೆ ಒತ್ತಿ, ಪ್ರತಿ ಗೆರೆಗೂ ಮತ್ತೆ ಒರೆಸಿ. ಮೊದಲ ತುಂಡು ಹೇಗೂ ಮುರಿಯುತ್ತದೆ, ಅದನ್ನು ಮೂಲೆಯಿಂದ ತೆಗೆಯಿರಿ.