ಯಾತ್ರೆಗೆ ಹೊರಡುವ ಮುನ್ನ ಸೊಂಟದ ಸಂಚಿ ತುಂಬಿ

ಯಾತ್ರೆಗೆ ಹೊರಟವರ ದೊಡ್ಡ ಬ್ಯಾಗಿನಲ್ಲಿ ಎಲ್ಲವೂ ಇರುತ್ತದೆ. ಬಿಪಿ ಗುಳಿಗೆ, ಶುಗರ್ ಗುಳಿಗೆ, ಇನ್‌ಹೇಲರ್, ಮಂಡಿಗೆ ಹಚ್ಚುವ ಎಣ್ಣೆ, ಜ್ವರದ ಮಾತ್ರೆ. ಆದರೆ ಬೇಕಾದ ಹೊತ್ತಿಗೆ ಆ ಬ್ಯಾಗ್ ಲಾಡ್ಜಿನಲ್ಲೋ ಬಸ್ಸಿನ ಡಿಕ್ಕಿಯಲ್ಲೋ ಉಳಿದಿರುತ್ತದೆ. ಕುಮಟಾದಲ್ಲಿ ವೈದ್ಯನಾಗಿ ನಾನು ಯಾತ್ರೆ ಮುಗಿಸಿ ಬಂದವರ ಮಾತು ಕೇಳುತ್ತಲೇ ಇರುತ್ತೇನೆ. ಉಸಿರು ಕಟ್ಟಿದ್ದು, ತಲೆ ತಿರುಗಿ ಬಿದ್ದದ್ದು, ಪಾದ ಸುಟ್ಟುಕೊಂಡದ್ದು ಹೆಚ್ಚಾಗಿ ದರ್ಶನದ ಸಾಲಿನಲ್ಲಿ, ಇಲ್ಲವೇ ಗುಡಿಯ ಅಂಗಳದಲ್ಲಿ. ಹಾಗಾಗಿ ಏನು ಒಯ್ಯಬೇಕು ಎಂದು ಯೋಚಿಸುವಾಗ ಮೊದಲು ಆ ಸಾಲನ್ನು ನೆನೆಸಿಕೊಳ್ಳಿ. ಅಲ್ಲಿ ನಿಮ್ಮ ಮೈಮೇಲೆ ಏನಿರುತ್ತದೆ?

ನಮ್ಮ ಗೋಕರ್ಣವನ್ನೇ ನೋಡಿ. ಮಹಾಬಲೇಶ್ವರನ ಆತ್ಮಲಿಂಗ ಮುಟ್ಟಿ ಪೂಜೆ ಮಾಡಲು ಗಂಡಸರು ಪಂಚೆ ಉಟ್ಟು ಅಂಗಿ ತೆಗೆದು ಒಳಗೆ ಹೋಗಬೇಕು. ಧರ್ಮಸ್ಥಳದಲ್ಲೂ ಉಡುಪಿಯಲ್ಲೂ ಅಂಗಿ ತೆಗೆಯಬೇಕು. ಅಂಗಿ ಹೋಯಿತು ಅಂದರೆ ಕಿಸೆಯೂ ಹೋಯಿತು. ಎದೆನೋವು ಬಂದರೆ ನಾಲಿಗೆಯ ಕೆಳಗೆ ಇಡಬೇಕಾದ ಗುಳಿಗೆ ಆ ಕಿಸೆಯಲ್ಲೇ ಇರುತ್ತದೆ ಅಲ್ವಾ? ಚರ್ಮದ ಬೆಲ್ಟು, ಚರ್ಮದ ಪಾಕೀಟು ಎಷ್ಟೋ ಕಡೆ ಒಳಗೆ ತರುವಂತಿಲ್ಲ. ತಿರುಪತಿಯಲ್ಲಿ, ಕಾಶಿ ವಿಶ್ವನಾಥನ ಗುಡಿಯಲ್ಲಿ ಮೊಬೈಲನ್ನೂ ಹೊರಗೇ ಇಡಬೇಕು.

ಇದಕ್ಕೆ ದಾರಿ ನಮ್ಮಲ್ಲೇ ಇದೆ. ಹಿಂದಿನವರ ಕವಳದ ಸಂಚಿ ಹೇಗೆ ಸೊಂಟ ಬಿಡುತ್ತಿರಲಿಲ್ಲವೋ ಹಾಗೆ ಪಂಚೆಯ ಒಳಗೆ, ಸೀರೆಯ ನೆರಿಗೆಯ ಪಕ್ಕ ಕೂರುವ ಒಂದು ಬಟ್ಟೆಯ ಸಂಚಿ ಹೊಲಿಸಿ. ಅಂಗೈ ಅಗಲ ಸಾಕು. ಅದರಲ್ಲಿ ಮೂರು ನಾಲ್ಕು ವಸ್ತು ಮಾತ್ರ ಇರಲಿ. ಅಸ್ತಮಾ ಇದ್ದವರಿಗೆ ಇನ್‌ಹೇಲರ್. ಗರ್ಭಗುಡಿಯ ಹತ್ತಿರ ಕರ್ಪೂರ, ಧೂಪ, ಎಣ್ಣೆ ದೀಪದ ಹೊಗೆ ದಟ್ಟವಾಗಿರುತ್ತದೆ. ಉಸಿರು ಕೆರಳುವುದು ಅಲ್ಲೇ. ಹೃದಯದ ತೊಂದರೆ ಇದ್ದವರಿಗೆ ಎದೆನೋವಿನ ಗುಳಿಗೆ. ಅದನ್ನು ಕುಳಿತೇ ನಾಲಿಗೆಯ ಕೆಳಗೆ ಇಟ್ಟುಕೊಳ್ಳಿ. ನಿಂತಲ್ಲೇ ಇಟ್ಟುಕೊಂಡರೆ ಬಿಪಿ ಇಳಿದು ಕಣ್ಣು ಕತ್ತಲೆ ಬಂದು ಬೀಳುವ ಸಾಧ್ಯತೆ ಇದೆ. ಜನ ಒತ್ತುತ್ತಿದ್ದರೂ ನಾಚಿಕೆಪಡದೆ ಕೆಳಗೆ ಕೂರಿ. ನೋವು ಐದು ನಿಮಿಷದಲ್ಲಿ ಕಡಿಮೆ ಆಗದಿದ್ದರೆ ದರ್ಶನ ಆಮೇಲೆ ನೋಡೋಣ, ಮೊದಲು ಆಸ್ಪತ್ರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಗ್ಲೂಕೋಸ್ ಪುಡಿಯ ಸಣ್ಣ ಪೊಟ್ಟಣ.

ಸಂಚಿಯಲ್ಲಿ ಒಂದು ಚೀಟಿಯೂ ಬೇಕು. ಹೆಸರು, ಊರು, ಜೊತೆಗೆ ಬಂದವರ ಎರಡು ಮೊಬೈಲ್ ನಂಬರ್, ಇರುವ ಕಾಯಿಲೆ, ಅಲರ್ಜಿ ಇದ್ದರೆ ಅದು. ಮೊಬೈಲ್ ಹೊರಗಿಟ್ಟು ಒಳಗೆ ಹೋದ ಮೇಲೆ ಮಗನ ನಂಬರ್ ಬಾಯಿಪಾಠ ಹೇಳುವ ಹಿರಿಯರು ಈಗ ಯಾರಿದ್ದಾರೆ? ಜನಸಂದಣಿಯಲ್ಲಿ ಕೈ ತಪ್ಪಿದರೆ ಆ ಚೀಟಿಯೇ ಗತಿ. ಕಾಶಿ, ಪ್ರಯಾಗದ ಕಡೆ ಹೊರಟವರು ಅದನ್ನು ಹಿಂದಿಯಲ್ಲೂ ಬರೆಸಿಕೊಳ್ಳಿ. ಅಲ್ಲಿನ ಪೊಲೀಸರಿಗೆ ಕನ್ನಡ ಓದಲು ಬರುವುದಿಲ್ಲ.

ಇನ್ನು ಪಾದದ ವಿಷಯ. ಸುಮಾರು ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ಎಷ್ಟೋ ಜನರಿಗೆ ಅಂಗಾಲಿನ ನರಗಳು ಸೋತಿರುತ್ತವೆ. ಬಿಸಿ ಗೊತ್ತಾಗುವುದಿಲ್ಲ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಗುಡಿಯ ಕಲ್ಲುಹಾಸು ಹೇಗೆ ಕಾದಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬೇರೆಯವರು ಹೌಹಾರಿ ನೆರಳಿಗೆ ಓಡುತ್ತಾರೆ. ಇವರು ಸಾವಕಾಶವಾಗಿ ಮೂರು ಪ್ರದಕ್ಷಿಣೆ ಮುಗಿಸುತ್ತಾರೆ. ರಾತ್ರಿ ರೂಮಿಗೆ ಬಂದಾಗ ಅಂಗಾಲಿನ ತುಂಬ ಬೊಬ್ಬೆ. ನೋವಿಲ್ಲ ಎಂದು ಹಾಗೇ ಮತ್ತೆರಡು ಗುಡಿ ಸುತ್ತುತ್ತಾರೆ. ಊರಿಗೆ ಬರುವಾಗ ಕೀವು ತುಂಬಿರುತ್ತದೆ. ಬೆರಳು ತೆಗೆಯುವ ತನಕ ಹೋಗುವ ಕಥೆ ಎಷ್ಟೋ ಸಲ ಶುರುವಾಗುವುದು ಇಷ್ಟರಿಂದಲೇ. ನನಗೆ ತುಂಬ ಬೇಜಾರಾಗುವ ವಿಷಯ ಇದು, ಏಕೆಂದರೆ ಇದನ್ನು ಪೂರ್ತಿ ತಡೆಯಬಹುದು.

ದಪ್ಪ ಹತ್ತಿಯ ಕಾಲುಚೀಲ ಎರಡು ಜೊತೆ ಇಟ್ಟುಕೊಳ್ಳಿ. ಅಂಗಳದಲ್ಲಿ ಕಾಲುಚೀಲ ಹಾಕಬಹುದೇ ಎಂದು ಅಲ್ಲಿನವರನ್ನು ಕೇಳಿ. ಬೇಡ ಎಂದರೆ ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಚಪ್ಪಲಿ ಬಿಡುವ ಜಾಗದಿಂದ ಬಾಗಿಲಿನವರೆಗಿನ ಬಯಲು ದಾರಿಯೇ ಎಲ್ಲಕ್ಕಿಂತ ಅಪಾಯ. ನಿಮಗೆ ಬಿಸಿ ತಿಳಿಯದಿದ್ದರೆ ಜೊತೆಗಿದ್ದವರು ಮೊದಲು ಕಾಲಿಟ್ಟು ನೋಡಲಿ. ಬ್ಯಾಗಿನಲ್ಲಿ ಒಂದು ಚಿಕ್ಕ ಕನ್ನಡಿ ಇರಲಿ. ರಾತ್ರಿ ಮಲಗುವ ಮುಂಚೆ ಎರಡೂ ಅಂಗಾಲು, ಬೆರಳುಸಂದಿ ನೋಡಿಕೊಳ್ಳಿ. ಸುಟ್ಟಿದ್ದರೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಕಾಫಿಪುಡಿ, ಐಸ್ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ. ಯಾತ್ರೆಗೆಂದು ಹೊಸ ಚಪ್ಪಲಿ ಕೊಳ್ಳುವುದಿದ್ದರೆ ಎರಡು ವಾರ ಮುಂಚೆಯೇ ಕೊಂಡು ಮನೆಯ ಸುತ್ತ ನಡೆದು ಪಳಗಿಸಿ.

ಗುಳಿಗೆಗಳನ್ನು ಒಯ್ಯುವುದು ಒಂದು, ನುಂಗುವುದು ಇನ್ನೊಂದು. "ಡಾಕ್ಟ್ರೇ, ಸಾಲಿನಲ್ಲಿ ಒಂದಕ್ಕೆ ಹೋಗಲು ಜಾಗ ಇರುವುದಿಲ್ಲ, ಅದಕ್ಕೆ ನೀರಿಳಿಸುವ ಗುಳಿಗೆ ನಾಲ್ಕು ದಿನ ಬಿಟ್ಟೆ" ಎಂದು ಹೇಳುವವರು ಇದ್ದಾರೆ. ಹೃದಯ ಸೋತವರು ಹಾಗೆ ಮಾಡಿದರೆ ಕಾಲು ಊದಿ, ಶ್ವಾಸಕೋಶದಲ್ಲಿ ನೀರು ತುಂಬಿ, ಮಲಗಲೂ ಆಗದ ಹಾಗೆ ಉಸಿರು ಕಟ್ಟುತ್ತದೆ. ಬಿಡುವ ಬದಲು ಹೊತ್ತು ಬದಲಿಸಬಹುದು. ದರ್ಶನ ಮುಗಿಸಿ ರೂಮಿಗೆ ಬಂದ ಮೇಲೆ ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಹಳಷ್ಟು ಜನರಿಗೆ ಆಗುತ್ತದೆ. ಹೆಂಗಸರಂತೂ ಗುಳಿಗೆಯ ಜೊತೆ ನೀರನ್ನೂ ಬಿಟ್ಟುಬಿಡುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಲೋಟ ನೀರಿಲ್ಲ. ಆಮೇಲೆ ಉರಿಮೂತ್ರ, ಚಳಿಜ್ವರ. ಸಾಲು ಸೇರುವ ಮುಂಚೆ ಶೌಚಾಲಯ ಎಲ್ಲಿದೆ ಎಂದು ಮನೆಯ ಗಂಡಸರೇ ವಿಚಾರಿಸಿ ಇಟ್ಟರೆ ಆಯಿಗೆ ನೀರು ಕುಡಿಯಲು ಧೈರ್ಯ ಬರುತ್ತದೆ.

ಉಪವಾಸದ ಮಾತೂ ಹಾಗೆಯೇ. ಶಿವರಾತ್ರಿಗೆ ಗೋಕರ್ಣ, ಸಹಸ್ರಲಿಂಗ, ಯಾಣ ಎಂದು ಹೊರಡುವವರು ಬೆಳಿಗ್ಗೆ ಏನೂ ತಿನ್ನುವುದಿಲ್ಲ. ಆದರೆ ರೂಢಿಯಂತೆ ಶುಗರ್ ಗುಳಿಗೆ ನುಂಗಿರುತ್ತಾರೆ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಇದ್ದರೆ, ಇನ್ಸುಲಿನ್ ಇದ್ದರೆ ಇಳಿಯುತ್ತದೆ. ಬೆವರು, ನಡುಕ, ಮಂಕು, ಏನೇನೋ ಮಾತು. ನೋಡಿದವರು ದೇವರು ಮೈಮೇಲೆ ಬಂತು ಎಂದೋ ಬಿಸಿಲು ತಾಗಿತು ಎಂದೋ ಸುಮ್ನೆ ಬಿಟ್ಟುಬಿಡಬಹುದು. ಆಗ ಸಂಚಿಯ ಗ್ಲೂಕೋಸ್ ತೆಗೆಯಿರಿ. ಮೂರು ಚಮಚ ಪುಡಿಯನ್ನು ನೀರಿಗೆ ಹಾಕಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸಿಗೆ ಫೋನ್ ಮಾಡಿ. ಪ್ರಸಾದದ ಲಾಡು ಕೈಯಲ್ಲಿದ್ದರೂ ಈ ಹೊತ್ತಿಗೆ ಅದು ಅಷ್ಟು ಉಪಯೋಗವಿಲ್ಲ. ತುಪ್ಪ ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರಲು ತಡ ಆಗುತ್ತದೆ. ಉಪವಾಸ ಮಾಡಲೇಬೇಕು ಎನ್ನುವ ಮನಸ್ಸಿದ್ದರೆ ನಾನು ಬೇಡ ಎಂದು ಹಟ ಹಿಡಿಯುವುದಿಲ್ಲ. ಗುಳಿಗೆಯ ಲೆಕ್ಕ ಮೊದಲೇ ಬದಲಿಸಿಕೊಡುತ್ತೇನೆ.

ಇನ್ಸುಲಿನ್ ಒಯ್ಯುವವರಿಗೆ ಒಂದು ಮಾತು. ಬಳಸುತ್ತಿರುವ ಪೆನ್ ಅಥವಾ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ ಫ್ರಿಜ್ಜಿನ ಹೊರಗೆ ಇರಬಹುದು, ಆದರೆ 30 ಡಿಗ್ರಿ ಮೀರಬಾರದು. ನಮ್ಮ ಕರಾವಳಿಯ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನ ಒಳಗೆ ಅದು ಕೆಟ್ಟೇ ಹೋಗುತ್ತದೆ. ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿಟ್ಟು, ಗಾಳಿಯಾಡುವ ನೆರಳಿನಲ್ಲಿ ಇಡಿ. ಐಸಿಗೆ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ವಿಮಾನ ಹತ್ತುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಹೆಣ್ಣುಮಕ್ಕಳು ಹಿಂಜರಿಯುತ್ತ ಕೇಳುವ ಪ್ರಶ್ನೆ ಮುಟ್ಟು ಮುಂದೂಡುವ ಗುಳಿಗೆಯದು. ತೆಗೆದುಕೊಳ್ಳಬೇಕೋ ಬೇಡವೋ ಎನ್ನುವುದು ಅವರದೇ ತೀರ್ಮಾನ. ತೆಗೆದುಕೊಳ್ಳುವುದಾದರೆ ಸರಿಯಾಗಿ ತೆಗೆದುಕೊಳ್ಳಲಿ ಎನ್ನುವುದು ನನ್ನ ಕಾಳಜಿ. ಇದಕ್ಕೆ ಕೊಡುವ ಔಷಧ ಹೆಚ್ಚಾಗಿ ನಾರ್‌ಎಥಿಸ್ಟೆರಾನ್. ಮುಟ್ಟಿನ ದಿನಕ್ಕೆ ಮೂರು ದಿನ ಮುಂಚೆ ಶುರು ಮಾಡಬೇಕು. ಮುಟ್ಟು ಶುರುವಾದ ಮೇಲೆ ನುಂಗಿದರೆ ಮುಂದೂಡಿದ ಹಾಗೆ ಆಗುವುದಿಲ್ಲ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ, ಹಾಗಾಗಿ ವಾಪಸ್ ಬರುವ ದಿನದ ಲೆಕ್ಕ ಹಾಕಿ. ಅಕ್ಕ ಕೊಟ್ಟಳು, ಅಂಗಡಿಯವರು ಕೊಟ್ಟರು ಎಂದು ನುಂಗಬೇಡಿ. ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ, ಗರ್ಭಿಣಿ ಆಗಿರಬಹುದು ಎಂಬ ಅನುಮಾನ ಇದ್ದವರಿಗೆ ಇದು ಸಲ್ಲ. ಗುಳಿಗೆ ತೆಗೆದುಕೊಂಡರೂ ಸ್ವಲ್ಪ ಸ್ರಾವ ಕಾಣಿಸಬಹುದು. ಪ್ಯಾಡ್ ಜೊತೆಗಿರಲಿ.

ಔಷಧವನ್ನು ಯಾತ್ರೆಯ ದಿನಕ್ಕಿಂತ ಐದು ದಿನ ಜಾಸ್ತಿ ಬರುವಷ್ಟು ಒಯ್ಯಿರಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಟ್ಟದ ರಸ್ತೆ ಬಂದ್ ಆಗುವುದು, ರೈಲು ತಡ ಆಗುವುದು ನಮಗೆ ಹೊಸದಲ್ಲ. ಪಟ್ಟಿಯಿಂದ ಒಂದೊಂದೇ ಗುಳಿಗೆ ಕತ್ತರಿಸಿ ಪೊಟ್ಟಣ ಕಟ್ಟಿದರೆ ಔಷಧದ ಹೆಸರೇ ಹೋಗಿಬಿಡುತ್ತದೆ. ಇಡೀ ಪಟ್ಟಿ ಇರಲಿ. ನಮ್ಮ ಜಿಲ್ಲೆಯವರು ಸ್ಟೆಂಟ್, ಬೈಪಾಸ್ ಎಂದರೆ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಹುಬ್ಬಳ್ಳಿಗೋ ಹೋಗಿರುತ್ತಾರೆ. ದಾಖಲೆಯ ಫೈಲು ಮನೆಯ ಕಪಾಟಿನಲ್ಲಿರುತ್ತದೆ. ಆ ಡಿಸ್ಚಾರ್ಜ್ ಚೀಟಿಯ ಪ್ರತಿ ಮತ್ತು ಇತ್ತೀಚಿನ ಇಸಿಜಿಯ ಪ್ರತಿ ಖಂಡಿತ ಒಯ್ಯಿರಿ. ದೂರದ ಊರಿನ ವೈದ್ಯರ ಮುಂದೆ ಹೊಸ ಇಸಿಜಿಯಲ್ಲಿ ಏನೋ ಬದಲಾವಣೆ ಕಂಡರೆ, ಅದು ಹಳೆಯದೋ ಈಗ ಆದದ್ದೋ ಎಂದು ಗೊತ್ತಾಗುವುದು ಹಳೆಯ ಪ್ರತಿ ಇದ್ದರೆ ಮಾತ್ರ. ಆಧಾರ್ ಹೇಗೂ ಬೇಕು. ಶಕ್ತಿ ಯೋಜನೆಯಲ್ಲಿ ಹೆಂಗಸರು ಸರ್ಕಾರಿ ಬಸ್ಸು ಹತ್ತುವಾಗಲೂ ಗುರುತಿನ ಚೀಟಿ ತೋರಿಸಬೇಕು.

ಸಿರ್ಸಿಯಿಂದ ಇಳಿಯುವವರಿಗೆ ದೇವಿಮನೆ ಘಟ್ಟ, ಯಲ್ಲಾಪುರದವರಿಗೆ ಅರಬೈಲ್ ಘಟ್ಟ. ವಾಂತಿ ಆಗುವವರು ಗುಳಿಗೆಯನ್ನು ಹೊರಡುವ ಅರ್ಧ ಗಂಟೆ, ಒಂದು ಗಂಟೆ ಮುಂಚೆಯೇ ತೆಗೆದುಕೊಳ್ಳಬೇಕು. ತಿರುವು ಶುರುವಾದ ಮೇಲೆ ನುಂಗಿ ಉಪಯೋಗವಿಲ್ಲ. ನಿದ್ದೆ ಬರುವ ಗುಳಿಗೆ ಅದು, ಗಾಡಿ ಓಡಿಸುವವರಿಗೆ ಬೇಡ.

ಭೇದಿಗೆ ಓಆರ್‌ಎಸ್ ಪೊಟ್ಟಣ ಇಡಿ. ಎಷ್ಟು ನೀರಿಗೆ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಅಷ್ಟೇ ನೀರಿಗೆ ಹಾಕಿ. ಹಣ್ಣಿನ ಚಿತ್ರ ಇರುವ ಸಿಹಿ ಪಾನೀಯದ ಡಬ್ಬಿ ಓಆರ್‌ಎಸ್ ಅಲ್ಲ. ಏನೂ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು. ಊಟ ಹೊಂದದು ಎಂದು ನಮ್ಮವರು ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಕಟ್ಟಿಕೊಳ್ಳುತ್ತಾರೆ. ಮೊಸರನ್ನಕ್ಕೆ ಅದರ ರುಚಿ ನನಗೂ ಪ್ರೀತಿಯದೇ. ಬಿಪಿ ಇದ್ದವರು ದಿನಕ್ಕೆ ಒಂದು ಮಿಡಿಗೆ ನಿಲ್ಲಿಸಿ.

ಕೋಟಿತೀರ್ಥದಲ್ಲೋ ಸಮುದ್ರದಲ್ಲೋ ಮಿಂದು ಒದ್ದೆ ಬಟ್ಟೆಯಲ್ಲೇ ಗಂಟೆಗಟ್ಟಲೆ ಇದ್ದರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುತ್ತದೆ. ಒಣಗಿದ ಪಾಣಿಪಂಚೆ ಒಂದು ಹೆಚ್ಚಿಗೆ ಇರಲಿ. ತುರಿಕೆಗೆ ಅಂಗಡಿಯಲ್ಲಿ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಮೊದಲ ಎರಡು ದಿನ ಹಾಯೆನಿಸುತ್ತದೆ, ಆಮೇಲೆ ಹುಳುಕಡ್ಡಿ ಇನ್ನೂ ಹಬ್ಬುತ್ತದೆ. ಮಳೆಗಾಲದಲ್ಲಿ ಯಾಣದ ಭೈರವೇಶ್ವರನಿಗೆ ನಡೆಯುವವರಿಗೆ ಉದ್ದ ಕಾಲುಚೀಲ ಮತ್ತು ಉಂಬಳಕ್ಕೆ ಉಪ್ಪಿನ ಪೊಟ್ಟಣ ಸಾಕು.

ಕೇದಾರದ ಮಾತು ಪೂರ್ತಿ ಬೇರೆ. ನಾವು ಸಮುದ್ರದ ಮಟ್ಟದಲ್ಲಿ ಬದುಕುವವರು. ಸಿರ್ಸಿಯೇ ಸುಮಾರು 600 ಮೀಟರ್ ಎತ್ತರ. ಕೇದಾರನಾಥ 3,500 ಮೀಟರ್ ದಾಟುತ್ತದೆ. ಅಲ್ಲಿ ಗಾಳಿ ತೆಳು. ಹೆಲಿಕಾಪ್ಟರಿನಲ್ಲಿ ಹೋದರೆ ಸುಲಭ ಎಂದುಕೊಳ್ಳುತ್ತಾರೆ, ಆದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆನೋವು, ವಾಂತಿ ಬಂದರೆ ಇನ್ನೂ ಮೇಲೆ ಹೋಗಬೇಡಿ. ನಡೆಯುವಾಗ ತೂರಾಡಿದರೆ, ಕುಳಿತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಕೆಳಗೆ ಇಳಿಸಬೇಕು. ಮುನ್ನೆಚ್ಚರಿಕೆಗೆ ಕೊಡುವ ಅಸಿಟಜೋಲಮೈಡ್ ಎಲ್ಲರಿಗೂ ಆಗುವುದಿಲ್ಲ. ಸಲ್ಫಾ ಎಂಬ ಗುಂಪಿನ ಔಷಧಗಳಿಗೆ ಅಲರ್ಜಿ ಇದ್ದರೆ ಮರೆಯದೆ ಹೇಳಿ. ಸ್ವೆಟರ್, ಕೈಗವಸು, ಕಿವಿ ಮುಚ್ಚುವ ಟೋಪಿ, ಒದ್ದೆಯಾಗದ ಬೂಟು ಇಲ್ಲಿಂದಲೇ ಒಯ್ಯಿರಿ.

ಹೊರಡುವ ಹಿಂದಿನ ಸಂಜೆ ಔಷಧದ ಚೀಟಿ ಬರೆಸಲು ಬಂದರೆ ನಾನು ಮಾಡಬಹುದಾದದ್ದು ಕಡಿಮೆ. ಎರಡು ವಾರ ಮೊದಲು ಬನ್ನಿ. ಗುಳಿಗೆ ಬದಲಿಸಿದರೆ ಅದು ಒಗ್ಗಿತೋ ಇಲ್ಲವೋ ಮನೆಯಲ್ಲೇ ನೋಡಬಹುದು. ವಾಪಸ್ ಬಂದ ಮೇಲೆ ಒಂದು ತಿಂಗಳೊಳಗೆ ಬಿಡದ ಜ್ವರ ಬಂದರೆ, ಕಣ್ಣು ಹಳದಿಯಾದರೆ ಯಾವ ಊರಿಗೆ, ಯಾವಾಗ ಹೋಗಿದ್ದಿರಿ, ಎಲ್ಲಿನ ನೀರು ಕುಡಿದಿರಿ ಎಂದು ವೈದ್ಯರಿಗೆ ಮೊದಲು ಅದನ್ನೇ ಹೇಳಿ. ಟೈಫಾಯ್ಡ್, ಕಾಮಾಲೆ ಕಾಣಿಸಿಕೊಳ್ಳಲು ವಾರಗಳು ಬೇಕು. ಅಷ್ಟು ಹೊತ್ತಿಗೆ ಯಾತ್ರೆಗೆ ಹೋಗಿದ್ದೇ ಎಷ್ಟೋ ಜನರಿಗೆ ಮರೆತಿರುತ್ತದೆ.